ಗುಂಬ, ಕೀಲೆಣ್ಣೆ ಮತ್ತು ನೀರು: ದೋಣಿ ಟ್ರೈಲರಿನ ಗಾಲಿಯನ್ನು ಕುರಿತು ಒಂದು ವಿಚಾರ

೧

ವಾಹನಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಗಾಲಿಯನ್ನು ಕುರಿತು ವಿಪುಲವಾಗಿ ಬರೆದಿದ್ದಾರೆ; ಗಾಲಿಯ ಗುಂಬಕ್ಕೆ ಹಾಕುವ ಎಣ್ಣೆಯನ್ನು ಕುರಿತು ಬರೆದಿರುವುದು ಅತ್ಯಲ್ಪ. ಇದಕ್ಕೆ ಕಾರಣವಿಲ್ಲದಿಲ್ಲ. ಗಾಲಿಯು ಕಣ್ಣಿಗೆ ಬೀಳುವ ವಸ್ತು. ಶಿಲ್ಪದಲ್ಲಿಯೂ ಚಿತ್ರದಲ್ಲಿಯೂ ಅದು ಉಳಿದುಬರುತ್ತದೆ. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥಕ್ಕೆ ಶಿಲ್ಪಿಯು ಗುಂಬಸಹಿತವಾಗಿ ಗಾಲಿಗಳನ್ನು ಕಡೆದಿದ್ದಾನೆ. ಜಿಡ್ಡನ್ನು ಮಾತ್ರ ಯಾವ ಶಿಲ್ಪಿಯೂ ಕಲ್ಲಿನಲ್ಲಿ ಕಡೆಯಲಾರನು. ಗಾಲಿಯನ್ನು ಮಾಡಿದವನ ಕೆಲಸ ಒಂದು ಸಲ ಮುಗಿಯುವಂಥದು; ಅದಕ್ಕೆ ಎಣ್ಣೆ ಹಾಕುವವನ ಕೆಲಸ ಎಂದಿಗೂ ಮುಗಿಯುವುದಿಲ್ಲ. ಮುಗಿಯದ ಕೆಲಸಕ್ಕೆ ಶಾಸನವನ್ನು ಹಾಕಿಸುವವರಿಲ್ಲ.

ಪ್ರಕೃತ ಲೇಖನದಲ್ಲಿ ನಾವು ಈ ಮರೆಯಾದ ಕೆಲಸವನ್ನು ಒಂದು ಆಧುನಿಕ ನಿದರ್ಶನದ ಮೂಲಕ ಪರಿಶೀಲಿಸಲು ಬಯಸುತ್ತೇವೆ. ಅದು ಮೋಟಾರು ಗಾಡಿಯ ಹಿಂದೆ ಕಟ್ಟಿಕೊಂಡು ಹೋಗುವ, ಸಣ್ಣ ದೋಣಿಗಳನ್ನು ಹೊರುವ ಟ್ರೈಲರಿನ ಗಾಲಿಯ ಗುಂಬ. ಇದನ್ನೇ ಆರಿಸಿಕೊಂಡುದಕ್ಕೆ ಕಾರಣವನ್ನು ಮೊದಲೇ ಹೇಳಬೇಕು. ಮಿಕ್ಕ ವಾಹನಗಳು ಸಾಧ್ಯವಾದ ಮಟ್ಟಿಗೂ ನೀರನ್ನು ತಪ್ಪಿಸಿಕೊಂಡು ನಡೆಯುತ್ತವೆ. ದೋಣಿಯ ಟ್ರೈಲರಾದರೋ ನೀರಿಗೆ ಇಳಿಯುವುದಕ್ಕಾಗಿಯೇ ಹುಟ್ಟಿದ ಬಂಡಿ. ಹತ್ತಾರು ಮೈಲಿ ವೇಗವಾಗಿ ಓಡಿ, ಗುಂಬ ಬಿಸಿಯಾಗಿರುವಾಗಲೇ ಅದು ಕೆರೆಯ ಅಥವಾ ಸಮುದ್ರದ ಅಂಚಿನ ಇಳಿಜಾರಿನಲ್ಲಿ ಅಚ್ಚು ಮುಳುಗುವವರೆಗೆ ಹಿಂದಕ್ಕೆ ಸರಿಯಬೇಕು. ಆದುದರಿಂದ ಗಾಲಿ ಹುಟ್ಟಿದಂದಿನಿಂದ ಇರುವ ಒಂದು ಸಮಸ್ಯೆ ಇಲ್ಲಿ ಅತ್ಯಂತ ತೀಕ್ಷ್ಣವಾದ ರೂಪದಲ್ಲಿ ಕಾಣಬರುತ್ತದೆ.

೨

ಅಚ್ಚು ಮತ್ತು ಗುಂಬಗಳ ನಡುವಣ ಘರ್ಷಣೆಯಿಂದ ಕಾವು ಹುಟ್ಟುತ್ತದೆಂಬುದನ್ನೂ, ಕಾವಿನಿಂದ ಅಚ್ಚು ಕೆಡುತ್ತದೆಂಬುದನ್ನೂ ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಋಗ್ವೇದದ ಒಂದನೆಯ ಮಂಡಲದ ೧೬೪ನೆಯ ಸೂಕ್ತದಲ್ಲಿ ಕಾಲಚಕ್ರದ ವರ್ಣನೆಯಿದೆ. ಲೋಕಗಳೆಲ್ಲವನ್ನೂ ಹೊತ್ತಿದ್ದರೂ ಆ ಚಕ್ರದ ಅಚ್ಚು ಕಾಯುವುದಿಲ್ಲ, ಗುಂಬದೊಡನೆ ಮುರಿದುಬೀಳುವುದಿಲ್ಲ ಎಂಬುದು ಅಲ್ಲಿಯ ಭಾವ. ದೇವತೆಗಳ ಚಕ್ರಕ್ಕೆ ಇದು ಅತಿಶಯವೆಂದು ಹೇಳಬೇಕಾದರೆ ಮನುಷ್ಯರ ಬಂಡಿಯ ಅಚ್ಚು ನಿತ್ಯವೂ ಕಾಯುತ್ತಿತ್ತು, ಮುರಿಯುತ್ತಿತ್ತು ಎಂದು ಊಹಿಸಲು ಅಡ್ಡಿಯಿಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಅಭ್ಯಂಜನದ ಗುಣವನ್ನು ಹೇಳುವಾಗ, ಎಣ್ಣೆಯಿಂದ ಗಡಿಗೆಯೂ ತೊಗಲೂ ಬಂಡಿಯ ಅಚ್ಚೂ ಹೇಗೆ ದೃಢವಾಗಿ ಕ್ಲೇಶವನ್ನು ಸಹಿಸುತ್ತವೆಯೋ ಹಾಗೆ ಶರೀರವೂ ಆಗುವುದೆಂಬ ಹೋಲಿಕೆ ಬರುತ್ತದೆ. ಬೌದ್ಧರ ಸಂಯುತ್ತನಿಕಾಯದಲ್ಲಿ ಭಿಕ್ಷುವು ಆಹಾರವನ್ನು ಸೇವಿಸಬೇಕಾದ ರೀತಿಗೆ ಅಚ್ಚಿಗೆ ಎಣ್ಣೆ ಸವರುವುದೇ ಉಪಮಾನ: ಭಾರವನ್ನು ಸಾಗಿಸುವುದಕ್ಕೆ ಎಷ್ಟು ಬೇಕೋ ಅಷ್ಟು, ಅದಕ್ಕೆ ಹೆಚ್ಚಿಲ್ಲ. ಜೈನ ಮುನಿಗಳ ಭಿಕ್ಷಾವೃತ್ತಿಯ ಭೇದಗಳಲ್ಲಿ ಒಂದಕ್ಕೆ ‘ಅಕ್ಷಮ್ರಕ್ಷಣ’ವೆಂದೇ ಹೆಸರು, ಅಕಲಂಕನ ತತ್ತ್ವಾರ್ಥರಾಜವಾರ್ತಿಕದಲ್ಲಿ ಇದರ ವಿವರಣೆಯನ್ನು ಕಾಣಬಹುದು. ವೈದ್ಯನೂ ಭಿಕ್ಷುವೂ ಮುನಿಯೂ ಒಂದೇ ಉಪಮಾನವನ್ನು ಆಶ್ರಯಿಸಿರುವುದರಿಂದ ಅಚ್ಚಿಗೆ ಎಣ್ಣೆ ಹಾಕುವ ಕೆಲಸ ಆಬಾಲವೃದ್ಧರಿಗೂ ತಿಳಿದಿದ್ದ ದಿನಚರಿಯಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ನಮ್ಮ ದೇಶದ ಹೊರಗೂ ಹೀಗೆಯೇ. ಈಜಿಪ್ಟಿನಲ್ಲಿ ೧೯೦೫ರಲ್ಲಿ ತೆರೆದ ಯೂಯ ಮತ್ತು ಥೂಯರ ಸಮಾಧಿಯಲ್ಲಿ ದೊರೆತ, ಸುಮಾರು ಮೂರು ಸಾವಿರದ ನಾನೂರು ವರ್ಷಗಳಷ್ಟು ಹಳೆಯ ರಥದ ಅಚ್ಚಿನಲ್ಲಿ ಜಿಡ್ಡಿನ ಶೇಷವಿತ್ತು. ಪರೀಕ್ಷಿಸಿದವರು ಅದನ್ನು ಪ್ರಾಣಿಯ ಕೊಬ್ಬೆಂದು ಅಭಿಪ್ರಾಯಪಟ್ಟರು.

ನಮ್ಮ ನಾಡಿನ ಎತ್ತಿನ ಬಂಡಿಯ ಕೀಲೆಣ್ಣೆಯನ್ನು ಇಲ್ಲಿ ನೆನೆಯುವುದು ಉಚಿತ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಬಂಡಿಯ ಅಡಿಯಲ್ಲಿ ತೂಗುಹಾಕಿಕೊಂಡು ಹೋಗುವುದು ವಾಡಿಕೆಯಾಗಿತ್ತು. ಬರಿಯ ಎಣ್ಣೆಯು ತೆಳು, ಅದು ಸೋರಿಹೋಗುತ್ತದೆ. ಕರಿಯು ಅದನ್ನು ಹಿಡಿದು ನಿಲ್ಲಿಸುತ್ತದೆ. ಎಣ್ಣೆಯೊಂದು, ಎಣ್ಣೆಯನ್ನು ಹಿಡಿದಿಡುವ ಪದಾರ್ಥವೊಂದು—ಈ ಎರಡರ ಕೂಟವೇ ಇಂದಿನ ಗ್ರೀಸಿನ ಮೂಲತತ್ತ್ವವೂ ಆಗಿದೆ ಎಂಬುದನ್ನು ವಾಚಕರು ಗಮನಿಸಬೇಕು.

೩

ಹಳೆಯ ಬಂಡಿಯಲ್ಲಿ ಗುಂಬವು ಅಚ್ಚಿನ ಮೇಲೆ ನೇರವಾಗಿ ಉಜ್ಜಿಕೊಂಡು ತಿರುಗುತ್ತಿತ್ತು. ಉಜ್ಜುವುದರ ಬದಲು ಉರುಳುವಂತೆ ಮಾಡಿದರೆ ಘರ್ಷಣೆ ಬಹಳ ಮಟ್ಟಿಗೆ ತಗ್ಗುತ್ತದೆ. ವೇಲ್ಸಿನ ಫಿಲಿಪ್ ವಾನ್ ಎಂಬಾತನು ೧೭೯೪ರಲ್ಲಿ ಗಾಡಿಯ ಅಚ್ಚಿಗೆ ಗುಂಡುಗಳನ್ನು ಜೋಡಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ಅಮೆರಿಕದಲ್ಲಿ ಸಾರೋಟುಗಳನ್ನು ತಯಾರಿಸುತ್ತಿದ್ದ ಹೆನ್ರಿ ಟಿಮ್ಕನ್ನನು ೧೮೯೮ರಲ್ಲಿ, ಒಂದು ತುದಿ ದಪ್ಪವಾಗಿ ಇನ್ನೊಂದು ತುದಿ ಸಣ್ಣದಾಗಿರುವ ಉರುಳೆಗಳ ಬೇರಿಂಗಿಗೆ ಪೇಟೆಂಟು ಪಡೆದನು. ಮೇಲಿನಿಂದ ಬೀಳುವ ಭಾರವನ್ನೂ, ತಿರುವುಗಳಲ್ಲಿ ಪಕ್ಕದಿಂದ ಬರುವ ಒತ್ತನ್ನೂ ಒಟ್ಟಿಗೆ ತಡೆಯುವುದು ಇದರ ವಿಶೇಷ. ದೋಣಿಯ ಟ್ರೈಲರುಗಳಲ್ಲಿ ಸಾಮಾನ್ಯವಾಗಿರುವುದು ಇಂಥದೇ ಬೇರಿಂಗು. ಒಂದೊಂದು ಗುಂಬದಲ್ಲಿಯೂ ಎರಡೆರಡು: ಒಳಬದಿಗೆ ದೊಡ್ಡದು, ಹೊರಬದಿಗೆ ಚಿಕ್ಕದು. ಒಳಬದಿಯ ಬೇರಿಂಗಿನ ಹಿಂದೆ ರಬ್ಬರಿನ ತುಟಿಯುಳ್ಳ ಒಂದು ಸೀಲು. ಹೊರಬದಿಗೆ ದೂಳು ಬೀಳದಂತೆ ಒಂದು ಲೋಹದ ಮುಚ್ಚಳ. ಗಾಲಿ ಕಳಚಿಹೋಗದಂತೆ ನಟ್ಟು, ನಟ್ಟು ಸಡಲದಂತೆ ಒಂದು ಕಾಟರ್ ಪಿನ್ನು. ಈ ಪಿನ್ನು ನಮ್ಮ ಬಂಡಿಯ ಕಡಾಣಿಯ ವಂಶಕ್ಕೆ ಸೇರಿದುದೆಂದು ಹೇಳಿದರೆ ತಪ್ಪಾಗದು.

ಓಲೆ ಎವಿನ್‌ರೂಡನು ದೋಣಿಯ ಹಿಂಬದಿಗೆ ತಗುಲಿಸುವ ಮೋಟಾರನ್ನು ೧೯೦೯ರ ಸುಮಾರಿನಲ್ಲಿ ಮಾರಾಟಕ್ಕೆ ತಂದಮೇಲೆ ಅಮೆರಿಕದಲ್ಲಿ ಸಣ್ಣ ದೋಣಿಯ ವಿಹಾರವು ಬೆಳೆಯತೊಡಗಿತು. ಎರಡನೆಯ ಮಹಾಯುದ್ಧದ ಅನಂತರ ಮನೆಮನೆಗೂ ಮೋಟಾರು ಗಾಡಿ ಬಂದು, ಅಲ್ಯೂಮಿನಿಯಮ್ ಮತ್ತು ಗಾಜಿನ ನಾರಿನ ಹಗುರವಾದ ದೋಣಿಗಳು ದೊರೆಯುವಂತಾದಾಗ, ದೋಣಿಯನ್ನು ಮನೆಯ ಅಂಗಳದಲ್ಲಿಟ್ಟುಕೊಂಡು ಬೇಕಾದ ಕೆರೆಗೆ ಎಳೆದುಕೊಂಡು ಹೋಗುವುದು ಸಾಮಾನ್ಯವಾಯಿತು. ರಸ್ತೆಗಾಗಿ ಹುಟ್ಟಿದ ಗುಂಬವು ಹೀಗೆ ನೀರಿಗೆ ಇಳಿಯಿತು.

೪

ನೀರಿನಲ್ಲಿ ಮುಳುಗಿದ ಗುಂಬದಲ್ಲಿ ನಡೆಯುವುದೇನು? ಬಿಸಿಯಾದ ಗುಂಬದೊಳಗಿನ ಗಾಳಿಯು ಹಿಗ್ಗಿ, ಸ್ವಲ್ಪ ಭಾಗ ಹೊರಕ್ಕೆ ಹೋಗಿರುತ್ತದೆ. ಅಂಥ ಗುಂಬವನ್ನು ತಣ್ಣೀರಿಗೆ ಇಳಿಸಿದೊಡನೆ ಉಳಿದ ಗಾಳಿಯು ಕುಗ್ಗುತ್ತದೆ. ಉದಾಹರಣೆಗೆ ಗುಂಬವು ೬೫ ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಕೆರೆಯ ನೀರು ೨೦ ಡಿಗ್ರಿಯಲ್ಲಿಯೂ ಇವೆಯೆಂದು ಇಟ್ಟುಕೊಳ್ಳೋಣ. ನಿರಪೇಕ್ಷ ಮಾನದಲ್ಲಿ ಇವು ೩೩೮ ಮತ್ತು ೨೯೩ ಡಿಗ್ರಿಗಳು. ಒಳಗಿನ ಗಾಳಿ ಪೂರ್ತಿಯಾಗಿ ತಣಿದರೆ ಅದರ ಒತ್ತಡವು ನೂರಕ್ಕೆ ೧೩ರಷ್ಟು ಇಳಿಯುತ್ತದೆ. ಇದು ಸುಮಾರು ೧.೩ ಮೀಟರು ಎತ್ತರದ ನೀರಿನ ಒತ್ತಡಕ್ಕೆ ಸಮ. ಗುಂಬವು ಮುಳುಗಿರುವ ಆಳದ ಒತ್ತಡವೂ ಇದಕ್ಕೆ ಸೇರುತ್ತದೆ. ಹಿಂಬದಿಯ ಸೀಲು ಒಳಗಿನ ಗ್ರೀಸು ಹೊರಗೆ ಬಾರದಂತೆ ತಡೆಯಲು ಸಮರ್ಥವಾದುದಾದರೂ ಹೊರಗಿನ ನೀರನ್ನು ಈ ಸೆಳೆತಕ್ಕೆ ಎದುರಾಗಿ ತಡೆಯುವುದು ಅದಕ್ಕೆ ಕಷ್ಟ. ತುಟಿ ಸ್ವಲ್ಪ ಸವೆದಿದ್ದರೂ ನೀರು ಒಳಗೆ ಸೇರುತ್ತದೆ.

ಒಳಗೆ ಸೇರಿದ ನೀರು ಆ ದಿನವೇ ಏನನ್ನೂ ಮಾಡುವುದಿಲ್ಲ, ಅಪಾಯವಿರುವುದು ಇಲ್ಲಿಯೇ. ವಿಹಾರದ ಋತು ಮುಗಿದಮೇಲೆ ಟ್ರೈಲರು ತಿಂಗಳುಗಟ್ಟಲೆ ನಿಂತಿರುತ್ತದೆ. ಉರುಳೆಯು ಬಳೆಯನ್ನು ಮುಟ್ಟಿಕೊಂಡಿರುವ ಗೆರೆಯಲ್ಲಿ ನೀರು ನಿಂತು ತುಕ್ಕು ಕೊರೆಯುತ್ತದೆ. ಸಮುದ್ರದ ನೀರಾದರೆ ಇನ್ನೂ ಬೇಗ. ಮರು ವರ್ಷ ಗಾಲಿ ತಿರುಗತೊಡಗಿದಾಗ ಆ ಗುಳಿಗಳ ಅಂಚು ಉದುರಿ, ಉದುರಿದ ಚೂರು ಮತ್ತಷ್ಟನ್ನು ಉದುರಿಸಿ, ಕೊನೆಗೆ ಬೇರಿಂಗು ಕಾದು ಒಡೆಯುತ್ತದೆ. ಆಮೇಲೆ ಗಾಲಿಯು ಅಚ್ಚನ್ನು ಬಿಟ್ಟು ರಸ್ತೆಯಲ್ಲಿ ತಾನೇ ಉರುಳಿಕೊಂಡು ಹೋಗುವ ಸಂಭವವುಂಟು. ಎದುರಿನಿಂದ ಬರುವವರು ಯಾರೆಂಬುದನ್ನು ಆ ಗಾಲಿ ನೋಡುವುದಿಲ್ಲ.

ಹಳೆಯ ಬಂಡಿಗೂ ಇದಕ್ಕೂ ಇರುವ ಮುಖ್ಯವಾದ ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಹಳ್ಳವನ್ನು ದಾಟಿಬಂದ ಎತ್ತಿನ ಬಂಡಿಯ ಎಣ್ಣೆ ತೊಳೆದುಹೋಗಿದ್ದರೆ ಅಚ್ಚು ಕಿರುಗುಟ್ಟುತ್ತಿತ್ತು. ತನಗೆ ಎಣ್ಣೆ ಬೇಕೆಂದು ಗಾಲಿಯೇ ಕೂಗಿ ಹೇಳುತ್ತಿತ್ತು. ಬಂಡಿ ಹೊಡೆಯುವವನು ಇಳಿದು ಗೊಟ್ಟಕ್ಕೆ ಕೈಹಾಕುತ್ತಿದ್ದನು. ಮುಚ್ಚಿದ ಗುಂಬವಾದರೋ ಮೌನಿ. ಅದು ಬಾಯಿಬಿಡುವ ವೇಳೆಗೆ ಹಲವು ಸಲ ಕಾಲ ಮಿಂಚಿರುತ್ತದೆ.

೫

ಹೀಗಿರುವಲ್ಲಿ ಯಾವ ಸ್ನೇಹದ್ರವ್ಯವನ್ನು ಆರಿಸಬೇಕು? ಗ್ರೀಸಿನಲ್ಲಿ ನೂರಕ್ಕೆ ೮೦ಕ್ಕಿಂತ ಹೆಚ್ಚು ಭಾಗ ಸಾಮಾನ್ಯವಾಗಿ ಎಣ್ಣೆಯೇ. ಅದನ್ನು ಹಿಡಿದಿಡುವುದು ಬಹುಮಟ್ಟಿಗೆ ಒಂದು ಬಗೆಯ ಸಾಬೂನು; ಸ್ಪಂಜು ನೀರನ್ನು ಹಿಡಿದಂತೆ ಅದರ ನಾರುಗಳು ಎಣ್ಣೆಯನ್ನು ಹಿಡಿಯುತ್ತವೆ. ಯಾವ ಲೋಹದ ಸಾಬೂನು ಎಂಬುದರ ಮೇಲೆ ಗ್ರೀಸಿನ ಸ್ವಭಾವ ನಿಂತಿದೆ. ಸೋಡಿಯಮ್ ಸಾಬೂನಿನ ಗ್ರೀಸು ಕಾವನ್ನು ತಡೆಯುತ್ತದೆ, ಆದರೆ ನೀರಿನಲ್ಲಿ ಕದಡಿಹೋಗುತ್ತದೆ. ಹಳೆಯ ಬಗೆಯ ಸುಣ್ಣದ, ಎಂದರೆ ಕ್ಯಾಲ್ಸಿಯಮ್ ಸಾಬೂನಿನ ಗ್ರೀಸು ನೀರಿಗೆ ಜಗ್ಗುವುದಿಲ್ಲ, ಆದರೆ ಕಾವೇರಿದರೆ ಅದರ ಕಟ್ಟು ಒಡೆದು ಎಣ್ಣೆ ಬೇರೆಯಾಗುತ್ತದೆ. ಒಂದಕ್ಕೆ ರಸ್ತೆ ಹಿತ, ಇನ್ನೊಂದಕ್ಕೆ ಕೆರೆ ಹಿತ. ದೋಣಿಯ ಟ್ರೈಲರಿಗೆ ಎರಡೂ ಬೇಕು. ಕ್ಲಾರೆನ್ಸ್ ಅರ್ಲ್ ಎಂಬಾತನು ೧೯೪೨ರಲ್ಲಿ ಪೇಟೆಂಟು ಪಡೆದ ಲಿಥಿಯಮ್ ಸಾಬೂನಿನ ಗ್ರೀಸು ಎರಡನ್ನೂ ತಕ್ಕಮಟ್ಟಿಗೆ ತಡೆಯಬಲ್ಲುದಾದುದರಿಂದಲೇ ಅದು ಲೋಕದಲ್ಲೆಲ್ಲ ಹರಡಿತು. ಈಚಿನ ಲಿಥಿಯಮ್ ಕಾಂಪ್ಲೆಕ್ಸ್, ಅಲ್ಯೂಮಿನಿಯಮ್ ಕಾಂಪ್ಲೆಕ್ಸ್, ಕ್ಯಾಲ್ಸಿಯಮ್ ಸಲ್ಫೊನೇಟ್ ಗ್ರೀಸುಗಳು ಇನ್ನೂ ಹೆಚ್ಚಿನ ಕಾವನ್ನು ತಾಳುತ್ತವೆ. ಇವುಗಳಲ್ಲಿ ಕೊನೆಯದು ನೀರನ್ನೂ ತುಕ್ಕನ್ನೂ ತಡೆಯುವುದರಲ್ಲಿ ವಿಶೇಷವಾಗಿ ಸಮರ್ಥವಾದುದರಿಂದ ಉಪ್ಪುನೀರಿಗೆ ಇಳಿಯುವ ಟ್ರೈಲರಿಗೆ ಉಚಿತವೆನ್ನಬಹುದು.

ಡಬ್ಬಿಯ ಮೇಲಿನ ಗುರುತುಗಳನ್ನು ಓದಲು ಕಲಿಯುವುದೂ ಅವಶ್ಯಕ. ಅಮೆರಿಕದಲ್ಲಿ ೧೯೩೩ರಲ್ಲಿ ಸ್ಥಾಪಿತವಾದ ನ್ಯಾಷನಲ್ ಲೂಬ್ರಿಕೇಟಿಂಗ್ ಗ್ರೀಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯು ಗ್ರೀಸಿನ ಗಟ್ಟಿತನವನ್ನು ದರ್ಜೆಗಳಾಗಿ ವಿಂಗಡಿಸಿದೆ. ೨೫ ಡಿಗ್ರಿಯಲ್ಲಿ ಗೊತ್ತಾದ ತೂಕದ ಒಂದು ಶಂಕುವು ಗ್ರೀಸಿನೊಳಗೆ ಎಷ್ಟು ಇಳಿಯುತ್ತದೆಂಬುದೇ ಅಳತೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ೨೬೫ರಿಂದ ೨೯೫ ಇಳಿದರೆ ಅದು ೨ನೆಯ ದರ್ಜೆ. ಗಾಲಿಯ ಬೇರಿಂಗಿಗೆ ಸಾಮಾನ್ಯವಾಗಿ ಹೇಳುವುದು ಈ ದರ್ಜೆಯನ್ನೇ. ಅದೇ ಸಂಸ್ಥೆಯ ಜಿಸಿ-ಎಲ್‌ಬಿ ಎಂಬ ಗುರುತು ಗಾಲಿಯ ಬೇರಿಂಗಿಗೂ ಗಾಡಿಯ ಇತರ ಕೀಲುಗಳಿಗೂ ಉಚ್ಚ ಯೋಗ್ಯತೆಯುಳ್ಳ ಗ್ರೀಸನ್ನು ಸೂಚಿಸುತ್ತದೆ. ೨೦೨೧ರಲ್ಲಿ ಹೊರಟ ಹೊಸ ಗುರುತುಗಳಲ್ಲಿ ನೀರನ್ನು ತಡೆಯುವ ಗುಣಕ್ಕೂ ಉಪ್ಪುನೀರಿನ ತುಕ್ಕನ್ನು ತಡೆಯುವ ಗುಣಕ್ಕೂ ಬೇರೆಬೇರೆ ಸಂಕೇತಗಳಿವೆ. ಡಬ್ಬಿಯ ಮೇಲೆ ‘ಮರೀನ್’ ಎಂದು ಬರೆದಿರುವುದೊಂದೇ ಸಾಲದು. ಅಂಥ ಗ್ರೀಸು ನೀರನ್ನು ತಡೆದರೂ ರಸ್ತೆಯ ಕಾವಿಗೆ ತಕ್ಕುದೆಂಬ ಭರವಸೆ ಆ ಪದದಲ್ಲಿಲ್ಲ.

ಗ್ರೀಸನ್ನು ಗುಂಬಕ್ಕೆ ತಲುಪಿಸುವ ಏರ್ಪಾಡುಗಳು ಮುಖ್ಯವಾಗಿ ಮೂರು. ಒಂದನೆಯದು ಸ್ಪ್ರಿಂಗಿನ ಮುಚ್ಚಳ. ಇದರೊಳಗಿನ ಬಿಲ್ಲೆಯೊಂದು ಗ್ರೀಸನ್ನು ಸದಾ ಒಳಕ್ಕೆ ಒತ್ತುತ್ತ, ಹೊರಗಿನ ಒತ್ತಡಕ್ಕಿಂತ ಚದರ ಅಂಗುಲಕ್ಕೆ ಸುಮಾರು ೩ ಪೌಂಡು ಹೆಚ್ಚಾಗಿ ಇರಿಸುತ್ತದೆ. ಇದು ಸುಮಾರು ೨.೧ ಮೀಟರು ನೀರಿನ ಒತ್ತಡಕ್ಕೆ ಸಮ. ಮೇಲೆ ಲೆಕ್ಕಹಾಕಿದ ಸೆಳೆತವನ್ನು ಮೀರಿಸಬಲ್ಲುದು. ಆದರೆ ಹೊಸ ಗ್ರೀಸು ಹೊರತುದಿಯಿಂದಲೇ ಬರುವುದರಿಂದ ಒಳಬದಿಯ ಬೇರಿಂಗಿನ ಹಳೆಯ ಗ್ರೀಸು ಹಾಗೆಯೇ ಉಳಿಯುತ್ತದೆ. ಅತಿಯಾಗಿ ತುಂಬಿದರೆ ಹಿಂಬದಿಯ ಸೀಲು ಕಿತ್ತು, ಗ್ರೀಸು ಬ್ರೇಕಿನ ಮೇಲೆ ಬೀಳುತ್ತದೆ. ಎರಡನೆಯದು ಅಚ್ಚಿನ ತುದಿಯಲ್ಲಿ ಕೊರೆದ ಕಾಲುವೆ. ಇದರ ಮೂಲಕ ಹೊಸ ಗ್ರೀಸು ಮೊದಲು ಹಿಂಬದಿಯ ಸೀಲಿನ ಬಳಿಗೆ ಹೋಗಿ, ಹಳೆಯದನ್ನು ಮುಂದಕ್ಕೆ ತಳ್ಳಿಕೊಂಡು ಹೊರಬರುತ್ತದೆ. ಗಾಲಿಯನ್ನು ತಿರುಗಿಸುತ್ತ ನಿಧಾನವಾಗಿ ತುಂಬಬೇಕು. ಮೂರನೆಯದು ಗ್ರೀಸನ್ನೇ ಬಿಟ್ಟು ಗುಂಬಕ್ಕೆ ಎಣ್ಣೆ ತುಂಬುವ ಕ್ರಮ. ಮುಚ್ಚಳವು ಪಾರದರ್ಶಕವಾಗಿದ್ದು, ಎಣ್ಣೆಯ ಮಟ್ಟವೂ ಬಣ್ಣವೂ ಹೊರಗಿನಿಂದಲೇ ಕಾಣುತ್ತವೆ. ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆಯೆಂದು ಅರ್ಥ. ಮೌನಿಯಾದ ಗುಂಬಕ್ಕೆ ಮತ್ತೆ ಮಾತು ಬರಿಸಿದ ಕ್ರಮ ಇದೊಂದೇ. ಇದರ ದೋಷವೆಂದರೆ ಸೀಲು ಹರಿದರೆ ಎಣ್ಣೆಯೆಲ್ಲ ಸೋರಿ ಗುಂಬವು ಬರಿದಾಗುವುದು. ಆಗಾಗ ನೋಡುವವನಿಗೆ ಇದು ಉತ್ತಮ. ನೋಡದವನಿಗೆ ಗ್ರೀಸೇ ಲೇಸು.

೬

ಇನ್ನು ಪಾಲನೆಯ ವಿಷಯ. ಮೊದಲನೆಯ ನಿಯಮಕ್ಕೆ ಹಣವೇನೂ ಬೇಡ: ನೀರಿಗೆ ಇಳಿಸುವ ಮೊದಲು ಗುಂಬವು ಆರುವವರೆಗೆ ಕಾಯಬೇಕು. ದಾರಿಯಲ್ಲಿ ನಿಂತಾಗಲೆಲ್ಲ ಗುಂಬದ ಹತ್ತಿರಕ್ಕೆ ಎಚ್ಚರಿಕೆಯಿಂದ ಕೈ ಒಯ್ದು ಪರೀಕ್ಷಿಸಬೇಕು. ಒಂದು ಗುಂಬ ಮಿಕ್ಕವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ದೋಷವಿದೆ. ಉಪ್ಪುನೀರಿನಿಂದ ಬಂದಮೇಲೆ ಸಿಹಿನೀರಿನಿಂದ ತೊಳೆಯಬೇಕು.

ವರ್ಷಕ್ಕೆ ಒಂದು ಸಲವಾದರೂ, ಅದರಲ್ಲಿಯೂ ಟ್ರೈಲರನ್ನು ದೀರ್ಘಕಾಲ ನಿಲ್ಲಿಸುವ ಮೊದಲು, ಗುಂಬವನ್ನು ಬಿಚ್ಚಿ ನೋಡಬೇಕು. ಬೇರಿಂಗುಗಳನ್ನು ಸೀಮೆಎಣ್ಣೆಯಿಂದ ತೊಳೆದು ಪೂರ್ತಿಯಾಗಿ ಒಣಗಿಸಬೇಕು. ಆಮೇಲೆ ಅವುಗಳನ್ನು ಓದಬೇಕು. ಓದುವುದೆಂಬ ಮಾತನ್ನು ನಾವು ತಿಳಿದೇ ಬಳಸಿದ್ದೇವೆ. ಬಳೆಯ ಮೇಲೆ ಉರುಳೆಗಳ ಅಂತರಕ್ಕೆ ಸರಿಯಾಗಿ ಸಾಲಾಗಿ ಗೆರೆಗಳು ಬಿದ್ದಿದ್ದರೆ ಗಾಲಿಯು ನೀರು ತುಂಬಿಕೊಂಡು ಬಹುಕಾಲ ನಿಂತಿತ್ತೆಂದು ತಿಳಿಯುತ್ತದೆ. ಉಕ್ಕು ನೀಲಿಗಟ್ಟಿದ್ದರೆ ಜಿಡ್ಡು ಸಾಲದೆ ಅತಿಯಾಗಿ ಕಾದಿತ್ತೆಂದೂ, ಹೊರತೆಗೆದ ಗ್ರೀಸು ಬೆಳ್ಳಗೆ ನೊರೆಯಂತಿದ್ದರೆ ನೀರು ಸೇರಿತ್ತೆಂದೂ ಗೊತ್ತಾಗುತ್ತದೆ. ಶಾಸನದ ಸವೆದ ಅಕ್ಷರದಿಂದ ಕಾಲವನ್ನು ಊಹಿಸುವ ನಮಗೆ ಈ ವಿದ್ಯೆ ಅಪರಿಚಿತವೇನೂ ಅಲ್ಲ. ಇಂಥ ಗುರುತುಳ್ಳ ಬೇರಿಂಗನ್ನು ಅದರ ಹೊರಬಳೆಯೊಡನೆ ಬದಲಾಯಿಸಬೇಕು. ಗ್ರೀಸು ಗುಳಿಯನ್ನು ಮುಚ್ಚೀತೇ ಹೊರತು ವಾಸಿಮಾಡದು.

ಹೊಸ ಗ್ರೀಸನ್ನು ಬೇರಿಂಗಿನ ಅಗಲವಾದ ಕಡೆಯಿಂದ, ಉರುಳೆಗಳ ಸಂದಿನಲ್ಲಿ ಇನ್ನೊಂದು ಕಡೆ ಹೊರಬರುವವರೆಗೆ ಒತ್ತಿ ತುಂಬಬೇಕು. ಮೇಲೆ ಬಳಿದರೆ ಸಾಲದು. ಸೀಲನ್ನು ಪ್ರತಿ ಸಲವೂ ಹೊಸದಾಗಿ ಹಾಕಬೇಕು. ನಟ್ಟನ್ನು ಬಿಗಿಮಾಡುವಾಗ ಗಾಲಿಯನ್ನು ತಿರುಗಿಸುತ್ತಿದ್ದು, ಬೇರಿಂಗು ಸರಿಯಾಗಿ ಕೂತಮೇಲೆ ನಟ್ಟನ್ನು ಸಡಲಿಸಿ, ಮತ್ತೆ ಬರಿಯ ಬೆರಳಿನಿಂದ ಬಿಗಿದು, ಹೊಸ ಕಾಟರ್ ಪಿನ್ನನ್ನು ಹಾಕಬೇಕು. ತಯಾರಕರ ಸೂಚನೆಯಿದ್ದಲ್ಲಿ ಅದೇ ಪ್ರಮಾಣ. ಅತಿ ಬಿಗಿಯಾದ ಬೇರಿಂಗು ಗ್ರೀಸಿದ್ದರೂ ಕಾಯುತ್ತದೆ.

ಎರಡು ಬಗೆಯ ಗ್ರೀಸುಗಳನ್ನು ಬೆರೆಸಬಾರದೆಂಬುದನ್ನು ವಿಶೇಷವಾಗಿ ಹೇಳಬೇಕು. ಎರಡೂ ಪ್ರತ್ಯೇಕವಾಗಿ ಉತ್ತಮವಾಗಿದ್ದರೂ, ಉದಾಹರಣೆಗೆ ಜೇಡಿಯಿಂದ ಗಟ್ಟಿಮಾಡಿದ ಗ್ರೀಸನ್ನು ಲಿಥಿಯಮ್ ಗ್ರೀಸಿನೊಡನೆ ಬೆರೆಸಿದರೆ ಎರಡರ ಕಟ್ಟೂ ಸಡಲಿ ತೆಳ್ಳಗಾಗಿ ಹರಿದುಹೋಗಬಹುದು. ಬೇರೆ ಬಗೆಗೆ ಬದಲಾಯಿಸಬೇಕಾದರೆ ಹಳೆಯದನ್ನು ಸಂಪೂರ್ಣವಾಗಿ ತೊಳೆದ ಮೇಲೆಯೇ ಬದಲಾಯಿಸಬೇಕು.

೭

ಮೇಲಣ ವಿವೇಚನೆಯಿಂದ ಹೊರಡುವ ಅಭಿಪ್ರಾಯವನ್ನು ಸಂಗ್ರಹವಾಗಿ ಹೇಳಿ ಮುಗಿಸುತ್ತೇವೆ. ನೀರಿಗೆ ಇಳಿಯುವ ಗುಂಬದಲ್ಲಿ ಸ್ನೇಹದ್ರವ್ಯಕ್ಕೆ ಎರಡು ಕೆಲಸಗಳುಂಟು: ಘರ್ಷಣೆಯನ್ನು ತಗ್ಗಿಸುವುದು ಒಂದು, ನೀರು ಬಂದು ಸೇರಬಹುದಾದ ಸ್ಥಳವನ್ನು ತಾನೇ ಆಕ್ರಮಿಸಿಕೊಂಡಿರುವುದು ಇನ್ನೊಂದು. ಆಯ್ಕೆಯು ಈ ಎರಡನ್ನೂ ಗಮನಿಸಬೇಕು. ಆದರೆ ಆಯ್ಕೆಯೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ಹರಳೆಣ್ಣೆಯಿಂದ ಲಿಥಿಯಮ್ ಗ್ರೀಸಿನವರೆಗೆ, ಗೊಟ್ಟದಿಂದ ಸ್ಪ್ರಿಂಗಿನ ಮುಚ್ಚಳದವರೆಗೆ ಒಂದೊಂದು ಸುಧಾರಣೆಯೂ ಎಣ್ಣೆ ಹಾಕುವ ಸರದಿಯನ್ನು ದೂರದೂರಕ್ಕೆ ಸರಿಸಿದೆ. ದಿನಕ್ಕೊಮ್ಮೆ ಮಾಡುತ್ತಿದ್ದುದು ವರ್ಷಕ್ಕೊಮ್ಮೆಯಾಗಿದೆ. ದಿನಕ್ಕೊಮ್ಮೆ ಮಾಡುವ ಕೆಲಸವನ್ನು ಕೈ ತಾನೇ ನೆನಪಿಟ್ಟುಕೊಳ್ಳುತ್ತದೆ. ವರ್ಷಕ್ಕೊಮ್ಮೆ ಮಾಡುವುದನ್ನು ಮನಸ್ಸೇ ನೆನಪಿಡಬೇಕು. ಸುಧಾರಣೆಯು ಅವಶ್ಯಕತೆಯನ್ನು ತಗ್ಗಿಸಿತೇ ಹೊರತು ನೀಗಿಸಲಿಲ್ಲ. ದೋಷವನ್ನು ಮಾತ್ರ ಮೊದಲಿಗಿಂತ ಚೆನ್ನಾಗಿ ಮರೆಮಾಡಿತು.

ತಂತ್ರವಿದ್ಯೆಯ ಚರಿತ್ರೆಯನ್ನು ಓದುವ ವಿದ್ಯಾರ್ಥಿಗಳು ಹೊಸದಾಗಿ ಕಂಡುಹಿಡಿದವರ ಹೆಸರುಗಳನ್ನೂ ವರ್ಷಗಳನ್ನೂ ಬರೆದುಕೊಳ್ಳುವುದು ಸಹಜ. ನಾವೂ ಈ ಲೇಖನದಲ್ಲಿ ಕೆಲವನ್ನು ಕೊಟ್ಟಿದ್ದೇವೆ. ಆದರೆ ಬಂಡಿಗಳು ಊರು ಸೇರಿದ್ದು ಆ ಹೆಸರುಗಳಿಂದ ಮಾತ್ರವಲ್ಲ. ಇರುಳಿನಲ್ಲಿ ಹಳ್ಳವನ್ನು ದಾಟಿದಮೇಲೆ ನೊಗವನ್ನು ಇಳಿಸಿ, ಗಾಲಿಯನ್ನು ಸರಿಸಿ, ಗೊಟ್ಟದಿಂದ ಕರಿಯ ಎಣ್ಣೆಯನ್ನು ತೆಗೆದು ಅಚ್ಚಿಗೆ ಬಳಿದವನೂ ಆ ಚರಿತ್ರೆಗೆ ಸೇರಿದವನೇ. ಅವನ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಅವನು ಮಾಡಿದ ಕೆಲಸವಾದರೋ ಇಂದಿಗೂ ಯಾರಾದರೊಬ್ಬರು ಮಾಡಲೇಬೇಕಾಗಿ ಉಳಿದುಕೊಂಡಿದೆ.